ಐಫೋನ್ 4ಎಸ್: ಸ್ಟೀವ್ ಜಾಬ್ಸ್ ತೀರಿಕೊಂಡ ವಾರದ ಫೋನು

ಈ ಫೋನಿನ ಬಗ್ಗೆ ಜನರ ಮಾತು ಒಂದೇ ದಿನದಲ್ಲಿ ತಿರುಗಿಬಿಟ್ಟಿತು. 2011ರ ಅಕ್ಟೋಬರ್ 4ರಂದು ಆಪಲ್ ಕಂಪನಿಯ ಆಗಿನ ಸಿಇಒ ಟಿಮ್ ಕುಕ್ ಮತ್ತು ಅವರ ತಂಡ ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿ ಐಫೋನ್ 4ಎಸ್ ತೋರಿಸಿದಾಗ ಬಹಳಷ್ಟು ಮಂದಿ ಮೂಗು ಮುರಿದರು. ಅವರು ಕಾಯುತ್ತಿದ್ದದ್ದು ಐಫೋನ್ 5ಕ್ಕೆ. ಬಂದದ್ದು ನೋಡಲು ಹಳೆಯ 4ರ ಹಾಗೇ ಇತ್ತು. ಮರುದಿನ ಆಪಲ್ ಕಟ್ಟಿದ ಸ್ಟೀವ್ ಜಾಬ್ಸ್ ತೀರಿಕೊಂಡರು. 56 ವರ್ಷ, ಹೋಗುವ ವಯಸ್ಸಲ್ಲ. 4ಎಸ್ ಅಂದರೆ 'ಫಾರ್ ಸ್ಟೀವ್' ಅಂತ ಜನರೇ ಅರ್ಥ ಹಚ್ಚಿಕೊಂಡರು. ಅಕ್ಟೋಬರ್ 14ಕ್ಕೆ ಮಾರಾಟ ಶುರುವಾಯಿತು. ಮೊದಲ ಮೂರೇ ದಿನದಲ್ಲಿ 40 ಲಕ್ಷಕ್ಕೂ ಜಾಸ್ತಿ ಖರ್ಚಾದವು. ಲಾಸ್ ಗ್ಯಾಟೋಸ್ ಅಂಗಡಿಯ ಮುಂದೆ ಸಾಲಿನಲ್ಲಿ ಮೊದಲು ನಿಂತಿದ್ದವರು ಸ್ಟೀವ್ ವೋಜ್ನಿಯಾಕ್. ಆಪಲ್ ಕಟ್ಟಿದವರಲ್ಲೇ ಒಬ್ಬರು!

ನಾನು ಇದನ್ನು ವರ್ಷಗಟ್ಟಲೆ ಬಳಸಿದವಳು. ದುಃಖಕ್ಕೆ ಕೊಂಡವರು ಎಷ್ಟೋ ಜನ ಇರಬಹುದು, ಆದರೆ ಆ ದುಃಖವನ್ನು ಪಕ್ಕಕ್ಕಿಟ್ಟು ನೋಡಿದರೂ ಇದು ಗಟ್ಟಿ ಫೋನು. ಕೈಗೆತ್ತಿಕೊಂಡರೆ 140 ಗ್ರಾಂ, ಆದರೆ ಅದಕ್ಕಿಂತ ಭಾರ ಅನ್ನಿಸುತ್ತದೆ. ಹಿಂದೆ ಮುಂದೆ ಗಾಜು, ನಡುವೆ ಸ್ಟೀಲ್ ಪಟ್ಟಿ. ಆ ಪಟ್ಟಿಯಲ್ಲಿ ನಾಲ್ಕು ಕಡೆ ಕೂದಲೆಳೆಯಂಥ ಕಪ್ಪು ಗೆರೆಗಳಿವೆ. ಅವು ಅಲಂಕಾರಕ್ಕಲ್ಲ. ಪಟ್ಟಿಯೇ ಆಂಟೆನಾ, ಗೆರೆಗಳು ಅದನ್ನು ಭಾಗ ಮಾಡುತ್ತವೆ. 2010ರ ಐಫೋನ್ 4ನ್ನು ಒಂದು ರೀತಿ ಹಿಡಿದರೆ ಸಿಗ್ನಲ್ ಬಿದ್ದುಹೋಗುತ್ತದೆ ಅಂತ ದೊಡ್ಡ ಗಲಾಟೆಯಾಗಿತ್ತು. ಜಾಬ್ಸ್ ಪತ್ರಕರ್ತರನ್ನು ಕರೆದು ಉತ್ತರ ಕೊಡಬೇಕಾಯಿತು, ಪುಕ್ಕಟೆ ಕವರ್ ಹಂಚಬೇಕಾಯಿತು. 4ಎಸ್‌ನಲ್ಲಿ ಫೋನು ಎರಡು ಆಂಟೆನಾಗಳ ನಡುವೆ ತಾನೇ ಬದಲಾಯಿಸಿಕೊಳ್ಳುತ್ತದೆ. ಹೊರಗೆ ಏನೂ ಬದಲಾಗಿಲ್ಲ ಅಂದವರು ಈ ಕೆಲಸವನ್ನು ನೋಡಲೇ ಇಲ್ಲ.

ಕ್ಯಾಮೆರಾ ನನಗೆ ತುಂಬಾ ಹಿಡಿಸಿದ್ದು. 8 ಮೆಗಾಪಿಕ್ಸೆಲ್, 1080ಪಿ ವಿಡಿಯೊ. ಸರ್ಕ್ಯೂಟ್ ಬೋರ್ಡ್ ಮೇಲಿನ ಚಿಪ್‌ನ ನಂಬರು ಕಣ್ಣಿಗೆ ಕಾಣದಿದ್ದಾಗ ಇದರಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದುತ್ತಿದ್ದೆ. ಮಾತಾಡಿ ಕೇಳಿದರೆ ಉತ್ತರ ಕೊಡುವ ಸಿರಿ ಮಾತ್ರ ಅರ್ಧ ಬೆಂದ ಅಡುಗೆ. ಆಪಲ್ ಕೂಡ ಅದನ್ನು ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿರುವುದು, ಅಂತಲೇ ಬಿಟ್ಟಿತ್ತು. ಇಂಗ್ಲಿಷ್, ಫ್ರೆಂಚ್, ಜರ್ಮನ್ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ.

ಈಗ ಜಾಬ್ಸ್‌ಗೆ ಜನ ಇಟ್ಟ ಹೂಗಳ ವಿಷಯ. ಜನ ಆಪಲ್ ಅಂಗಡಿಗಳ ಗಾಜಿನ ಮೇಲೆ ಬಣ್ಣಬಣ್ಣದ ಚೀಟಿ ಅಂಟಿಸಿದರು, ಮೇಣದಬತ್ತಿ ಹಚ್ಚಿದರು, ಒಂದು ಕಡಿ ಕಚ್ಚಿದ ಸೇಬು ಇಟ್ಟರು. ಆಪಲ್‌ಗೆ ಬಂದ ಸಂತಾಪದ ಇಮೇಲ್‌ಗಳೇ ಹತ್ತು ಲಕ್ಷ ದಾಟಿದವು. ಸಾವಿನ ಸುದ್ದಿಯನ್ನು ಲೋಕದ ಎಷ್ಟೋ ಮಂದಿ ಜಾಬ್ಸ್ ಅವರೇ ತಂದ ಸಾಧನದಲ್ಲಿ ತಿಳಿದುಕೊಂಡರು ಅಂತ ಆಗಿನ ಅಮೆರಿಕ ಅಧ್ಯಕ್ಷ ಒಬಾಮಾ ಹೇಳಿದ್ದು ನಿಜವಾದ ಮಾತು. ಒಬ್ಬ ವ್ಯಾಪಾರಿಗೆ ಇಷ್ಟೊಂದು ಅಳಬೇಕಾ ಅಂತ ಕೇಳಿದವರೂ ಇದ್ದರು. ಅಳಲಿ ಬಿಡಿ. ದಿನಾ ಬೆಳಗ್ಗೆ ಎದ್ದ ಕೂಡಲೇ ಕೈಗೆ ಬರುವ ವಸ್ತುವನ್ನು ಇಷ್ಟು ಆಸ್ಥೆಯಿಂದ ಮಾಡಿಸಿದವರು ಹೋದಾಗ ಹೊಟ್ಟೆ ಚುರುಕ್ ಅನ್ನುವುದು ಸಹಜ ಅಲ್ವಾ?

ನನಗೆ ನೋವಾದದ್ದು ಅದರ ಮುಂದಿನ ವಾರ. ಡೆನಿಸ್ ರಿಚಿ ತಮ್ಮ ಮನೆಯಲ್ಲಿ ತೀರಿಕೊಂಡಿದ್ದು ಅಕ್ಟೋಬರ್ 12ರಂದು ಗೊತ್ತಾಯಿತು. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಕೇಂದ್ರದಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದವರು, ಕೆನ್ ಥಾಂಪ್ಸನ್ ಜೊತೆ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿದವರು. ನಾನು ಸಿ ಬರೆದೇ ಅನ್ನ ತಿನ್ನುವವಳು. ಐಫೋನನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಐಒಎಸ್‌ನ ಬುಡದಲ್ಲಿರುವುದು ಯುನಿಕ್ಸ್ ವಂಶದ ಡಾರ್ವಿನ್. ಆಗ ಅದರ ಆ್ಯಪ್‌ಗಳನ್ನು ಬರೆಯುತ್ತಿದ್ದ ಭಾಷೆ ಆಬ್ಜೆಕ್ಟಿವ್ ಸಿ, ಹೆಸರೇ ಹೇಳುವ ಹಾಗೆ, ಸಿ ಮೇಲೆ ಕಟ್ಟಿದ್ದು. ಅಂದರೆ ಜನ ಸಾಲು ನಿಂತು ಕೊಂಡ ಪ್ರತಿ 4ಎಸ್‌ನಲ್ಲೂ ರಿಚಿಯವರ ಕೆಲಸ ಇತ್ತು. ಅದೇ ತಿಂಗಳ 24ರಂದು ಜಾನ್ ಮೆಕಾರ್ಥಿ ಹೋದರು, ಕೃತಕ ಬುದ್ಧಿಮತ್ತೆಗೆ ಇಂಗ್ಲಿಷಿನಲ್ಲಿ ಆ ಹೆಸರು ಕೊಟ್ಟವರು. ಸಿರಿಯನ್ನು ಮಾತಾಡಿಸುತ್ತಿದ್ದ ಎಷ್ಟು ಮಂದಿಗೆ ಅವರು ಯಾರೆಂದು ಗೊತ್ತಿತ್ತು? ಪ್ರೋಗ್ರಾಮರ್‌ಗಳು ತಮ್ಮಷ್ಟಕ್ಕೆ ನೆನೆದರು, ಪತ್ರಿಕೆಗಳಲ್ಲೂ ಬಂತು. ಆದರೆ ಯಾವ ಅಂಗಡಿ ಗಾಜಿಗೂ ಚೀಟಿ ಬೀಳಲಿಲ್ಲ. ಜಾಬ್ಸ್‌ಗೆ ಸಂದ ಹೂವಿನಲ್ಲಿ ಒಂದನ್ನೂ ಕಡಿಮೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಈ ಫೋನನ್ನು ಜಾಬ್ಸ್ ನೆನಪಿಗೆ ಎತ್ತಿಟ್ಟುಕೊಂಡವರು ರಿಚಿ, ಮೆಕಾರ್ಥಿ ಹೆಸರನ್ನೂ ಮಕ್ಕಳಿಗೆ ಹೇಳಲಿ ಅನ್ನುವುದು ನನ್ನ ಆಸೆ.

ಈಗ ಹಳೆಯದೊಂದು ಸಿಕ್ಕರೆ ಕೊಳ್ಳಬಹುದಾ? ದಿನದ ಬಳಕೆಗೆ ಬೇಡ. ಮೆಮೊರಿ 512 ಎಂಬಿ, ಐಒಎಸ್ 9ರಲ್ಲಿ ತೆವಳುತ್ತದೆ, ಹೊಸ ಆ್ಯಪ್‌ಗಳು ಬಹುಪಾಲು ಕೂರುವುದಿಲ್ಲ. ನೆನಪಿಗೆ ಅಂತಾದರೆ ಖಂಡಿತ ಕೊಳ್ಳಿ, ಆದರೆ ಸೀಲ್ ಒಡೆಯದ ಪೆಟ್ಟಿಗೆ ಅಂತ ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ. ಚಾರ್ಜ್ ಮಾಡುವ ಮೂವತ್ತು ಪಿನ್ನಿನ ಅಗಲ ಕೇಬಲ್ ಜೊತೆಗೇ ಕೇಳಿ ತಗೊಳ್ಳಿ. ಐಒಎಸ್ 9.3.6ಕ್ಕೆ ಅಪ್‌ಡೇಟ್ ಆಗಿದೆಯಾ ನೋಡಿ. ಅದು 2019ರಲ್ಲಿ ಬಂದದ್ದು, ಅದಿಲ್ಲದಿದ್ದರೆ ಜಿಪಿಎಸ್ ಸರಿಯಾಗಿ ಕೆಲಸ ಮಾಡುವುದಿಲ್ಲ.