ಅಮ್ಮನಿಗೆ ತಂದ ಬಿಪಿ ಮಷಿನ್

ಮನೆಯಲ್ಲಿ ಬಿಪಿ ನೋಡೋಕೆ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆಲ್ಲ ನಾನು ಹೇಳುವುದು, ತೋಳಿಗೆ ಕಟ್ಟುವ ಡಿಜಿಟಲ್ ಮಷಿನ್ ತಗೊಳ್ಳಿ ಅಂತ. ಮಣಿಕಟ್ಟಿನದು ಬೇಡ. ಕೈ ಎದೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕೆಳಗೆ ಆದರೂ ಅದರ ಲೆಕ್ಕ ತಪ್ಪುತ್ತದೆ.

ಅಮ್ಮ ಬಳಸುವುದು 4 ಪೆನ್ಸಿಲ್ ಸೆಲ್ಲಿನ ಸಾದಾ ಮಾಡೆಲ್. ಬಟನ್ ಒತ್ತಿದರೆ ಪಟ್ಟಿ ಗುರ್ರ್ ಅಂತ ಉಬ್ಬಿ ರಕ್ತನಾಳವನ್ನು ಅದುಮುತ್ತದೆ. ಗಾಳಿ ಇಳಿಯುವಾಗ ನಾಳದ ಮಿಡಿತಕ್ಕೆ ಪಟ್ಟಿ ಸಣ್ಣಗೆ ನಡುಗುತ್ತದೆ. ಮಷಿನ್ ಅಳೆಯುವುದು ಆ ನಡುಕವನ್ನೇ. ಮೇಲಿನ ಅಂಕಿ ಹೃದಯ ಹಿಂಡಿದಾಗಿನ ಒತ್ತಡ, ಕೆಳಗಿನದು ಅದು ಸಡಿಲಗೊಂಡಾಗಿನದು. ಬಡಿತ ಏರುಪೇರಾದರೆ ಪುಟ್ಟ ಹೃದಯದ ಗುರುತು ಮೂಡುತ್ತದೆ. ಅದು ಪದೇ ಪದೇ ಬಂದರೆ ಇಸಿಜಿ ಮಾಡಿಸಲೇಬೇಕು.

ಬೇಸರ ತಂದದ್ದು ಪಟ್ಟಿ. ಜೊತೆಗೆ ಕೊಡುವುದು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾತ್ರ. ಅಪ್ಪನ ತೋಳು ದಪ್ಪ, ಚಿಕ್ಕ ಪಟ್ಟಿಯಲ್ಲಿ ಅಂಕಿ ಜಾಸ್ತಿ ತೋರಿಸುತ್ತದೆ. ದೊಡ್ಡದಕ್ಕೆ ಬೇರೆ ದುಡ್ಡು ಕೊಡಬೇಕಾಯಿತು. ಟೇಪಿನಲ್ಲಿ ತೋಳು ಅಳೆದುಕೊಂಡೇ ಅಂಗಡಿಗೆ ಹೋಗಿ.

ಕಾಫಿ ಕುಡಿದು ಅರ್ಧ ಗಂಟೆ ಆಗಿರಲಿ. ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, 5 ನಿಮಿಷ ಸುಮ್ನೆ ಕೂತು ಆಮೇಲೆ ನೋಡಬೇಕು. ನಡುವೆ ಮಾತು ಬೇಡ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಡಾಕ್ಟರಿಗೆ ತೋರಿಸಿ. ಕ್ಲಿನಿಕ್ಕಿಗೆ ಹೋದರೆ ಅಮ್ಮನಿಗೆ ಹೆದರಿಕೆಗೇ ಬಿಪಿ ಏರುತ್ತದೆ, ಎಷ್ಟೋ ಜನರಿಗೆ ಹಾಗೇ ಅಲ್ವಾ? ಈಗ ಕ್ಯಾಲೆಂಡರಿನ ತಾರೀಖಿನ ಪಕ್ಕ ಬರೆದಿಟ್ಟ ಅಂಕಿಗಳನ್ನು ನೋಡಿಯೇ ಡಾಕ್ಟರು ಮಾತ್ರೆಯ ಡೋಸ್ ಕಡಿಮೆ ಮಾಡಿದ್ದಾರೆ.