ಸ್ಟಾಂಪ್ ಸೆಟ್ಟು, ಸೀಲ್ ಅಂಗಡಿ ರಬ್ಬರ್, ಕೆತ್ತಿದ ಇರೇಸರ್: ಗ್ರೀಟಿಂಗ್ ಕಾರ್ಡಿಗೆ ಯಾವುದು ಆಗ್ತದೆ

ಕಾರ್ಡ್ ಮಾಡುವವರಿಗೆ ಅಂತ ಆನ್‌ಲೈನಲ್ಲಿ ಸಿಗುವ ಸ್ಟಾಂಪ್ ಸೆಟ್ಟು ತೆಗೆದು ನೋಡಿ, ಹ್ಯಾಪಿ ಬರ್ತ್‌ಡೇ ಉಂಟು, ಥ್ಯಾಂಕ್ ಯೂ ಉಂಟು, ಹಿಮ ಹೊದ್ದ ಪೈನ್ ಮರ ಉಂಟು, ಜಾರುಬಂಡಿ ಸಹ ಉಂಟು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕೂತು ಅಣ್ಣನ ಮಗನ ಉಪನಯನದ ಹೇಳಿಕೆ ಕಾಗದದೊಟ್ಟಿಗೆ ಇಡ್ಲಿಕ್ಕೆ ಸಣ್ಣ ಕಾರ್ಡ್ ಮಾಡುವವಳಿಗೆ ಜಾರುಬಂಡಿ ಎಂತಕ್ಕೆ ಮಾರಾಯ್ರೆ? ನನಗೆ ಬೇಕಾದದ್ದು ಕನ್ನಡ ಅಕ್ಷರ. ಹಾಗಾಗಿ ಆಫೀಸು ಸೀಲು ಮಾಡಿಕೊಡುವ ಅಂಗಡಿಯ ಪಕ್ಷ ನಾನು, ಕೆಳಗೆ ಬರೆದದ್ದನ್ನೆಲ್ಲ ಆ ಲೆಕ್ಕದಲ್ಲೇ ಓದಿ.

ಆ ಸೆಟ್ಟಲ್ಲಿ ಬರುವ ಕ್ಲಿಯರ್ ಸ್ಟಾಂಪ್, ಅಂದ್ರೆ ಆಚೆ ಕಾಣುವಂತದ್ದು, ಪೂರ್ತಿ ದಂಡ ಅಂತ ನಾನು ಹೇಳುದಿಲ್ಲ. ಅಕ್ರಿಲಿಕ್ ಬ್ಲಾಕಿಗೆ, ಅಂದ್ರೆ ಗಾಜಿನ ಹಾಗಿನ ಪ್ಲಾಸ್ಟಿಕ್ ತುಂಡಿಗೆ, ಅಂಟಿಸಿ ಒತ್ತುವಾಗ ಎಲ್ಲಿ ಬೀಳ್ತದೆ ಅಂತ ಮೇಲಿಂದಲೇ ಕಾಣ್ತದೆ, ಆ ಸುಖ ಬೇರೆ ಯಾವುದರಲ್ಲೂ ಇಲ್ಲ. ಆದರೆ ಕ್ಲಿಯರ್ ಅಂತ ಮಾರುದೆಲ್ಲ ಒಂದೇ ಜಾತಿ ಅಲ್ಲ. ಫೋಟೋಪಾಲಿಮರ್ ಅಂತ ಒಂದು ಜಾತಿ ಪ್ಲಾಸ್ಟಿಕಿನದ್ದು ಆದ್ರೆ ಇಂಕನ್ನು ಸಮ ಹಿಡೀತದೆ, ಬೆಳಕು ತಾಗಿ ತಾಗಿ ಹಳದಿ ಆಗ್ತದೆ ಅಷ್ಟೆ, ಕೆಲಸಕ್ಕೆ ತೊಂದರೆ ಇಲ್ಲ. ಕಡಿಮೆ ಕ್ರಯಕ್ಕೆ ಬರುದು ಎಷ್ಟೋ ಸಲ ಸಿಲಿಕೋನ್, ಅದರ ಮೇಲೆ ಇಂಕ್ ಕೆಸುವಿನ ಎಲೆ ಮೇಲೆ ನೀರು ಬಿದ್ದ ಹಾಗೆ ಹನಿ ಹನಿ ಆಗಿ ನಿಲ್ತದೆ, ಒತ್ತಿದ್ರೆ ಗೆರೆ ಬರುದಿಲ್ಲ, ಚುಕ್ಕಿ ಬರ್ತದೆ. ಪೆನ್ಸಿಲ್ ಉಜ್ಜುವ ಇರೇಸರಿಂದ ಮೆಲ್ಲ ತಿಕ್ಕಿದ್ರೆ ಮೇಲಿನ ನಯ ಹೋಗಿ ಚೂರು ಸುಧಾರಿಸ್ತದೆ. ಬ್ಲಾಕಿಗೆ ಅಂಟುದು ನಿಂತ್ರೆ ಸೋಪಿನ ನೀರಲ್ಲಿ ತೊಳೆದ್ರೆ ಆಯ್ತು. ಉದ್ದ ಸಾಲಿನದ್ದು ಮಾತ್ರ ಬ್ಲಾಕಿಗೆ ಹಾಕುವಾಗ ಎಳೆದುಕೊಂಡು ಬಾಗ್ತದೆ, ಅದನ್ನು ನೇರ ಮಾಡುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿರ್ತದೆ. ಸೆಟ್ಟಿಗೆ 400 ರೂಪಾಯಿ ಹತ್ತಿರ ಕೊಟ್ಟಿದ್ದೆ, ಬ್ಲಾಕಿಗೆ ಬೇರೆ. ಈಗ ಅದರಲ್ಲಿ ಉಪಯೋಗಕ್ಕೆ ಬರುದು ಒಂದು ಜರಿಗಿಡದ ಎಲೆ, ಮತ್ತೆ ಚುಕ್ಕಿ ಬಾರ್ಡರ್.

ಇನ್ನು ಸೀಲ್ ಅಂಗಡಿ. ಕಾಸರಗೋಡು ಪೇಟೆಯಲ್ಲಿ ನಾನು ಹೋಗುವಲ್ಲಿ ಲೇಸರ್ ಮೆಷಿನ್ ಉಂಟು, ರಬ್ಬರ್ ಶೀಟಿನ ಮೇಲೆ ಅಕ್ಷರದ ಸುತ್ತ ಸುಟ್ಟು ತೆಗೀತದೆ, ಅಂಗಡಿ ಇಡೀ ಟಯರ್ ಸುಟ್ಟ ವಾಸನೆ. ಮರದ ಹಿಡಿ ಸೇರಿ 200ರ ಆಸುಪಾಸು, ಹಿಡಿ ಬೇಡ ಅಂದ್ರೆ ಇನ್ನೂ ಕಡಿಮೆ. ಇದು ಗಂಧಕ ಸೇರಿಸಿ ಕಾಯಿಸಿದ ರಬ್ಬರ್, ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ತಗೊಂಡ ಅದೇ ವಿದ್ಯೆ, ಹಾಗಾಗಿ ನಮ್ಮ ತೋಟದ ರಬ್ಬರ್ ಶೀಟಿನ ಹಾಗೆ ಸೆಕೆಗೆ ಅಂಟಂಟು ಆಗುದಿಲ್ಲ. ತಂದ ಕೂಡ್ಲೆ ಹಳೆ ಟೂತ್‌ಬ್ರಷ್ ಮತ್ತೆ ಸೋಪಲ್ಲಿ ತೊಳೀಬೇಕು, ಸುಟ್ಟ ಹುಡಿ ಸಂದಿಯಲ್ಲಿ ಕೂತಿರ್ತದೆ, ಇಲ್ಲದಿದ್ರೆ ಮೊದಲ ಕಾರ್ಡೆಲ್ಲ ಕಪ್ಪು ಕಪ್ಪು.

ಈಗ ಬರ್ತದೆ ನಿಜವಾದ ತಲೆನೋವು, ಒತ್ತಕ್ಷರ. "ಹುಟ್ಟುಹಬ್ಬದ ಶುಭಾಶಯಗಳು" ಅಂತ ವಾಟ್ಸಾಪಲ್ಲಿ ಕಳಿಸಿದೆ, ಅವರು ಅದನ್ನು ಕಾಪಿ ಮಾಡಿ ಅವರ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದ್ರು, ಮೊದಲು ಬಂದದ್ದು ಬರೀ ಚೌಕ ಚೌಕ. ಫಾಂಟ್ ಬದಲಾಯಿಸಿದ್ರು, ಆಗ ಅಕ್ಷರ ಬಂತು, ಆದರೆ "ಹುಟ್‌ಟುಹಬ್‌ಬದ" ಅಂತ, ಒತ್ತು ಕೆಳಗೆ ಹೋಗುದರ ಬದಲು ಪಕ್ಕದಲ್ಲಿ ಸಾಲು ಹಿಡಿದು ನಿಂತಿದೆ. ಅಂಗಡಿಯವರು ಪಾಪ ಮಲಯಾಳ ಓದುವವರು, ಅವರ ಕಣ್ಣಿಗೆ ಎಲ್ಲ ಅಕ್ಷರವೂ ಇದೆ, ಯಾವುದೂ ಬಿಟ್ಟು ಹೋಗಿಲ್ಲ. "ಇದ್ ಮದಿಯೋ ಚೇಚೀ" ಅಂತ ಕೇಳಿದ್ರು, ಇದು ಸಾಕಾ ಅಕ್ಕಾ ಅಂತ. ಮದಿ ಎಲ್ಲಿಂದ! ಇದು ಸಾಲದು ಅಂತ ಸ್ಕ್ರೀನಿಗೆ ಬೆರಳಿಟ್ಟು ತೋರಿಸಿ, ಕಾಗದದಲ್ಲಿ ಟ ಬರೆದು ಅದರ ಕೆಳಗೆ ಒತ್ತು ಬರೆದು, ಇದು ಕೆಳಗೆ ಬರಬೇಕು ಅಂತ ಹೇಳಿದ್ರೆ ಅವರು ಆ ಒತ್ತನ್ನು ಮೌಸಲ್ಲಿ ಎಳೆದು ಕೆಳಗೆ ಇಡ್ಲಿಕ್ಕೆ ಹೊರಟ್ರು.

ಸಂಗತಿ ಎಂತ ಅಂದ್ರೆ ಯೂನಿಕೋಡಲ್ಲಿ, ಅಂದ್ರೆ ಫೋನು ಕಂಪ್ಯೂಟರು ಅಕ್ಷರ ಗುರುತಿಸುವ ಲೆಕ್ಕದಲ್ಲಿ, ಒತ್ತಕ್ಷರ ಅಂತ ಬೇರೆ ಅಕ್ಷರ ಇಲ್ಲ, ಟ, ಹಲಂತ (ಅದನ್ನು ಟ್ ಮಾಡುವ ಗುರುತು), ಟ ಅಂತ ಸಾಲಾಗಿ ಇರ್ತದೆ, ಅದನ್ನು ಒಟ್ಟು ಸೇರಿಸಿ ಕೆಳಗೆ ಇಳಿಸಿ ತೋರಿಸುದು ಸಾಫ್ಟ್‌ವೇರಿನ ಕೆಲಸ, ಹಳೆ ಸಾಫ್ಟ್‌ವೇರಿಗೆ ಆ ಕೆಲಸ ಬರುದಿಲ್ಲ. ಡಿಟಿಪಿಯವರ ಹಳೆ ಕನ್ನಡ ಫಾಂಟುಗಳ ಒಳಗಿನ ಲೆಕ್ಕವೇ ಬೇರೆ, ಅದಕ್ಕೆ ವಾಟ್ಸಾಪಿನ ಅಕ್ಷರ ತಂದು ಹಾಕಿದ್ರೆ ಎಂತದೋ ಆಗ್ತದೆ. ಆದ್ದರಿಂದ ಅಕ್ಷರವನ್ನು ಅಕ್ಷರವಾಗಿ ಕಳಿಸಲೇಬೇಡಿ, ಚಿತ್ರವಾಗಿ ಕಳಿಸಿ. ಫೋನಲ್ಲೇ ಟೈಪ್ ಮಾಡಿ ಪಿಡಿಎಫ್ ಮಾಡಿದ್ರೂ ಆಗ್ತದೆ. ನಾನೀಗ ಬಿಳಿ ಕಾಗದದಲ್ಲಿ ಕಪ್ಪು ಮಾರ್ಕರಿಂದ ದೊಡ್ಡದಾಗಿ ಕೈಯಲ್ಲೇ ಬರೆದು, 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ ಕೊಡುದು. ಕೈಬರಹದ ಸೀಲಿಗೆ ಒಂದು ಚಂದವೇ ಬೇರೆ, ಅತ್ತಿಗೆಯಂತೂ ನಾನು ಒಂದೊಂದು ಕಾರ್ಡಿಗೂ ಕೂತು ಬರೆದದ್ದು ಅಂತಲೇ ತಿಳ್ಕೊಂಡಿದ್ರು, ನಾನೂ ಸುಮ್ಮನಿದ್ದೆ. ಹಾಂ, ಕನ್ನಡಿ ಮಾಡಿ ತಿರುಗಿಸಿ ಕೊಡ್ಲಿಕ್ಕೆ ಹೋಗ್ಬೇಡಿ, ಅದನ್ನು ಅವರೇ ಮಾಡ್ತಾರೆ, ಎರಡು ಸಲ ತಿರುಗಿದ್ರೆ ಒತ್ತುವಾಗ ಉಲ್ಟಾ.

ಅಲ್ಲಿಗೂ ಮುಗೀಲಿಲ್ಲ. ಒತ್ತಕ್ಷರ ಸರಿ ಬಂದ್ರೂ ಅಳತೆ ಸಣ್ಣದಾದ್ರೆ ಬ್ಬ, ಟ್ಟು ಇದರ ಒಳಗಿನ ಖಾಲಿ ಜಾಗದಲ್ಲಿ ಇಂಕ್ ತುಂಬಿ ಒಂದು ಮುದ್ದೆ ಕಾಣ್ತದೆ. ಇಂಗ್ಲಿಷಿಗೆ 14 ಪಾಯಿಂಟ್ ಸಾಕು, ಕನ್ನಡಕ್ಕೆ 24ಕ್ಕಿಂತ ಕೆಳಗೆ ಹೋಗ್ಬೇಡಿ, ಮತ್ತೆ ದಪ್ಪ ಅಕ್ಷರ ಬೇಡವೇ ಬೇಡ. ನಾನು ಬರೆಯುವಾಗ ಒತ್ತನ್ನು ಬೇಕೆಂದೇ ಚೂರು ದೊಡ್ಡದು ಮಾಡಿ, ಮೇಲಿನ ಅಕ್ಷರದಿಂದ ಸ್ವಲ್ಪ ದೂರ ಇಳಿಸಿ ಬರೀತೇನೆ, ಬರೆದದ್ದು ನೋಡ್ಲಿಕ್ಕೆ ವಿಚಿತ್ರ ಕಾಣ್ತದೆ, ಒತ್ತಿದಾಗ ಸಮ ಆಗ್ತದೆ.

ಅಂಗಡಿಯವರು ನಿಮಗೆ ಪ್ರಿ-ಇಂಕ್ ಸೀಲ್ ತಗೊಳ್ಳಿ, ಪ್ಯಾಡೇ ಬೇಡ ಅಂತ ಹೇಳಿಯೇ ಹೇಳ್ತಾರೆ. ಆಫೀಸಿಗೆ ಅದು ಒಳ್ಳೆದೇ. ಕಾರ್ಡಿಗೆ ಬೇಡ, ಇಂಕ್ ಒಳಗೇ ತುಂಬಿರ್ತದೆ, ಒಂದು ಬಣ್ಣಕ್ಕೆ ಕಟ್ಟಿಹಾಕಿದ ಹಾಗೆ.

ಆಫೀಸಿನ ಸ್ಟಾಂಪ್ ಪ್ಯಾಡ್ ಸಹ ಬೇಡ. ಅದರ ಇಂಕಲ್ಲಿ ಗ್ಲಿಸರಿನ್, ಗ್ಲೈಕಾಲ್ ಅಂತದ್ದು ಹಾಕಿರ್ತಾರೆ, ಪ್ಯಾಡ್ ಒಣಗಬಾರ್ದು ಅಂತ. ಪ್ಯಾಡಲ್ಲಿ ಒಣಗದ್ದು ಮಿರಿಮಿರಿ ಆರ್ಟ್ ಕಾರ್ಡ್ ಮೇಲೆ ಒಣಗ್ತದಾ? ಇಲ್ಲಿ ವರ್ಷಕ್ಕೆ 3000 ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ, ಆಟಿ ತಿಂಗಳಲ್ಲಿ ಹಪ್ಪಳವೇ ಒಣಗುದಿಲ್ಲ, ಇದೆಲ್ಲಿ. ಮರುದಿನ ಬೆರಳು ತಾಗಿದ್ರೂ ನೇರಳೆ ಬಣ್ಣ ಉದ್ದಕ್ಕೆ ಎಳೆದುಕೊಂಡು ಬರ್ತದೆ. ಕ್ರಾಫ್ಟ್‌ನವರು ಮಾರುವ ಡೈ ಇಂಕ್ ಪ್ಯಾಡ್ ತಗೊಳ್ಳಿ, ಕಾಗದದ ಒಳಗೆ ಇಳಿದು ಬೇಗ ಒಣಗ್ತದೆ, ಬಿಸಿಲಿಗಿಟ್ರೆ ಬಣ್ಣ ಮಾಸ್ತದೆ, ಆದರೆ ಕಾರ್ಡನ್ನು ಯಾರು ಬಿಸಿಲಿಗೆ ಇಡ್ತಾರೆ. ಪಿಗ್ಮೆಂಟ್ ಇಂಕ್ ಬಣ್ಣ ಗಟ್ಟಿ, ಆದರೆ ಮೇಲೆಯೇ ಕೂತಿರ್ತದೆ, ಮಳೆಗಾಲಕ್ಕೆ ಆಗಿ ಬರುದಿಲ್ಲ. ಡೈ ಇಂಕ್ ಪ್ಯಾಡ್ ಒಂದಕ್ಕೆ ಸೀಲಿಗಿಂತ ಹೆಚ್ಚು ಕ್ರಯ ಆಗ್ತದೆ, ಅದು ನನಗೂ ಉರಿಯುವ ವಿಷಯ, ಆದರೆ ಎರಡು ಬಣ್ಣ ಇದ್ರೆ ಸಾಕು, ಕಪ್ಪು ಮತ್ತೆ ಒಂದು ಕಡು ಹಸಿರು.

ಇರೇಸರ್ ಕೆತ್ತುದು ಚಿತ್ರಕ್ಕೆ ಸೈ. ನಾನ್-ಡಸ್ಟ್ ಇರೇಸರ್ ಉದ್ದದ್ದು ತಗೊಂಡು, ಬಟರ್ ಪೇಪರಲ್ಲಿ ಪೆನ್ಸಿಲಿಂದ ಚಿತ್ರ ಬರೆದು, ಅದನ್ನು ಇರೇಸರ್ ಮೇಲೆ ಕವುಚಿ ಹಾಕಿ ಉಗುರಲ್ಲಿ ಉಜ್ಜಿದ್ರೆ ಚಿತ್ರ ತಾನಾಗಿಯೇ ಉಲ್ಟಾ ಇಳೀತದೆ, ಮತ್ತೆ ವಿ ಆಕಾರದ ಕಟ್ಟರಿಂದ ಗೆರೆಯ ಆಚೀಚೆ ತೆಗೆಯುದು. ನಾನು ಪಿಂಗಾರ, ಅಂದ್ರೆ ಅಡಿಕೆ ಹೂ, ಒಂದು, ನಮ್ಮ ಹೊಸ ವರ್ಷದ ಬಿಸುವಿಗೆ ಕೊನ್ನೆ ಹೂ ಒಂದು, ದೀಪಾವಳಿಗೆ ಹಣತೆ ಒಂದು ಮಾಡಿಟ್ಟಿದ್ದೇನೆ, ಎಲ್ಲ 10, 20 ರೂಪಾಯಿಯ ಇರೇಸರಲ್ಲಿ. ಯಕ್ಷಗಾನ ಪ್ರಸಂಗ ಬರೆದ ಕುಂಬಳೆಯ ಪಾರ್ತಿಸುಬ್ಬನ ಊರಿನವರು ಅಂತ ಯಕ್ಷಗಾನದ ಕಿರೀಟ ಕೆತ್ತುವ ಆಸೆ ಆಯ್ತು, ಆ ಸಣ್ಣ ಸಣ್ಣ ಮಣಿ ಸಾಲಿಗೆ ಬಂದಾಗ ಇರೇಸರ್ ಹುಡಿ ಆಯ್ತು. ಕನ್ನಡ ಅಕ್ಷರಕ್ಕೂ ಇದೇ ಗತಿ, "ಓಂ" ಅಷ್ಟು ದೊಡ್ಡದು ಒಂದೇ ಅಕ್ಷರ ಆದ್ರೆ ಸರಿ, ಸಾಲು ಬೇಡ. ಮತ್ತೆ ಈ ಇರೇಸರನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಬರಿದೇ ಇಡ್ಬೇಡಿ, ಪಿವಿಸಿ ಇರೇಸರಿನ ಒಳಗಿನ ಮೆತ್ತಗೆ ಮಾಡುವ ಎಣ್ಣೆ ಹೊರಗೆ ಬಂದು ಡಬ್ಬವನ್ನೇ ಕರಗಿಸಿ ಅಂಟಿಕೊಳ್ತದೆ. ಕಾಗದದಲ್ಲಿ ಸುತ್ತಿ ಇಡಿ.

ಕಾಗದ, ಚದರ ಮೀಟರಿಗೆ ಎಷ್ಟು ಗ್ರಾಂ ಅಂತ ಹೇಳುವ ಲೆಕ್ಕದಲ್ಲಿ, 250ರಿಂದ 300 ಜಿಎಸ್‌ಎಂ, ಮಡಚುವಲ್ಲಿ ಇಂಕ್ ಮುಗಿದ ಬಾಲ್‌ಪೆನ್ನಿಂದ ಮೊದಲೇ ಗೆರೆ ಎಳೀರಿ. ಸ್ಟಾಂಪನ್ನು ಕಾರ್ಡಿನ ಮೇಲೆ ನೇರ ಒತ್ತುದಕ್ಕಿಂತ ಡ್ರಾಯಿಂಗ್ ಶೀಟಿನ ತುಂಡಿಗೆ ಒತ್ತಿ, ಕತ್ತರಿಸಿ, ಬಣ್ಣದ ಕಾರ್ಡಿಗೆ ಅಂಟಿಸಿ, ಹಾಳಾದ್ರೆ ತುಂಡು ಮಾತ್ರ ಹೋಗ್ತದೆ. ಬಿಳಿ ಅಂಟು ಮಳೆಗಾಲದಲ್ಲಿ ಕಾರ್ಡನ್ನು ಬಾಗಿಸ್ತದೆ, ಡಬಲ್ ಸೈಡ್ ಟೇಪ್ ವಾಸಿ. ಅಂಚೆಯಲ್ಲಿ ಕಳಿಸುದಾದ್ರೆ ಎ4ನ ಅರ್ಧ ಹಾಳೆ 300 ಜಿಎಸ್‌ಎಂದು 9 ಗ್ರಾಂ ಚಿಲ್ರೆ ತೂಗ್ತದೆ, ಕವರ್ ಸೇರಿದ್ರೂ 20 ಗ್ರಾಮಿನ ಮೊದಲ ದರದ ಒಳಗೇ, ಅದರ ಮೇಲೆ ಫೋಮ್ ಟೇಪು, ಮಣಿ, ಗುಂಡಿ ಅಂತ ಹೇರಿದ್ರೆ ಮಾತ್ರ ಹೆಚ್ಚು ಕೊಡ್ಬೇಕಾದೀತು.

ಮನೆಯಲ್ಲಿ ಮಕ್ಕಳಿದ್ದು ಅವರಿಗೆ ಸುಮ್ಮನೆ ಒತ್ತಿ ಆಡ್ಲಿಕ್ಕೆ ಬೇಕಾದ್ರೆ ಕ್ಲಿಯರ್ ಸೆಟ್ಟು ತಗೊಳ್ಳಿ, ತೊಳೀಲಿಕ್ಕೆ ಸುಲಭ. ನನ್ನ ಹಾಗೆ ಮದುವೆ, ಉಪನಯನ, ಮನೆ ಒಕ್ಕಲು ಅಂತ ಒಂದೇ ಸಾಲನ್ನು ಒಟ್ಟಿಗೆ ನೂರಾರು ಕಾರ್ಡಿಗೆ ಒತ್ತುವವರಾದ್ರೆ ಸೀಲ್ ಅಂಗಡಿಗೇ ಹೋಗಿ. ಎಂಬಾಸಿಂಗ್ ಪೌಡರ್ ಹಾಕಿ ಚಿನ್ನದ ಅಕ್ಷರ ಉಬ್ಬಿಸುದು ಚಂದ ಹೌದು, ಆದರೆ ಆ ಹುಡಿ ಕರಗ್ಲಿಕ್ಕೆ 150 ಡಿಗ್ರಿ ಹತ್ತಿರ ಬಿಸಿ ಬೇಕು, ಹೇರ್ ಡ್ರೈಯರ್ ಅಷ್ಟು ಬಿಸಿ ಕೊಡುದಿಲ್ಲ, ಹುಡಿಯನ್ನು ಊದಿ ಮೇಜಿಡೀ ಹರಡ್ತದೆ, ಅದಕ್ಕೆ ಹೀಟ್ ಗನ್ನೇ ತರ್ಬೇಕು. ಆ ದುಡ್ಡಿಗೆ ನನಗೆ ಇನ್ನೂ ಒಂದೆರಡು ರಬ್ಬರ್ ಬರ್ತದೆ. ಮುಂದಿನದ್ದು "ಬಿಸು ಹಬ್ಬದ ಶುಭಾಶಯ", ಬ್ಬ ದೊಡ್ಡದು ಮಾಡಿ ಬರೆದು ಸ್ಕ್ಯಾನ್ ಸಹ ಆಗಿದೆ, ಪೇಟೆಗೆ ಹೋಗುವಾಗ ಕೊಡ್ಬೇಕು.