ಪ್ರವಾಸದ ವಿಡಿಯೊಗೆ ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್: ನಾಲ್ಕು ಕ್ಯಾಮೆರಾ ಬಳಸಿ ನೋಡಿದ ಮೇಲೆ

ಮೊದಲ ದೊಡ್ಡ ಪ್ರವಾಸ ಮುಗಿಸಿ ಬಂದವನೇ ವಿಡಿಯೊಗಳನ್ನೆಲ್ಲ ಟಿವಿಗೆ ಹಾಕಿ ಮನೆಯವರನ್ನು ಕೂರಿಸಿದೆ. ಐದು ನಿಮಿಷ ಆಗಿರಬೇಕು. ಅಮ್ಮ ಕಣ್ಣು ಮುಚ್ಚಿಕೊಂಡು "ತಲೆ ಸುತ್ತುತ್ತೆ ಕಣೋ, ನಿಲ್ಸು" ಅಂದರು. ಬಣ್ಣ ಚೆನ್ನಾಗಿತ್ತು. ಎಲೆಯ ನರ ಎಣಿಸುವಷ್ಟು ಸ್ಪಷ್ಟವಾಗಿಯೂ ಇತ್ತು. ಆದರೆ ನಾನಿಟ್ಟ ಒಂದೊಂದು ಹೆಜ್ಜೆಗೂ ಎದುರಿನ ಇಡೀ ಬೆಟ್ಟ ಕುಲುಕುತ್ತಿತ್ತು.

ಆ ಕ್ಯಾಮೆರಾ ಕೊಳ್ಳುವ ಮುಂಚೆ ನಾನು ಓದಿದ್ದೆಲ್ಲ ಮೆಗಾಪಿಕ್ಸೆಲ್, 4ಕೆ, ಫೋಕಸ್ ಪಾಯಿಂಟ್‌ಗಳ ಲೆಕ್ಕ. ಬ್ಯಾಗಿನಿಂದ ತೆಗೆದು, ಕೈಯಲ್ಲಿ ಹಿಡಿದು, ನಡೆಯುತ್ತಾ ತೆಗೆದರೆ ಏನಾಗುತ್ತದೆ ಅಂತ ಯೋಚಿಸಿಯೇ ಇರಲಿಲ್ಲ. ಪ್ರವಾಸದಲ್ಲಿ ನಾವು ತೆಗೆಯುವುದೇ ಹಾಗೆ, ಅಲ್ವಾ? ಟ್ರೈಪಾಡ್ ಹೊತ್ತುಕೊಂಡು ಹೋದರೂ ಎರಡನೇ ದಿನದಿಂದ ಅದು ರೂಮಿನಲ್ಲೇ ಉಳಿಯುತ್ತದೆ.

ಆಮೇಲಿನ ಎರಡು ವರ್ಷದಲ್ಲಿ ನಾಲ್ಕು ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಬಾಡಿಗಳನ್ನು, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವನ್ನು, ಬಳಸಿದೆ. ಸೋನಿ ಎ6400 (2019), ಕ್ಯಾನನ್ ಎಂ50 (2018), ಫ್ಯೂಜಿಫಿಲ್ಮ್ ಎಕ್ಸ್-ಟಿ30 (2019), ಪ್ಯಾನಸೋನಿಕ್ ಜಿ85 (2016). ಕೊನೆಯದು ಕೆಲವು ದೇಶಗಳಲ್ಲಿ ಜಿ80, ಜಿ81 ಎಂಬ ಹೆಸರಿನಲ್ಲಿ ಮಾರಾಟವಾಗಿದೆ. ಹುಡುಕುವಾಗ ಮೂರೂ ಹೆಸರು ಹಾಕಿ ನೋಡಿ. ಇವುಗಳಲ್ಲಿ ಎರಡನ್ನು ಕೊಂಡೆ, ಇನ್ನೆರಡನ್ನು ಗೆಳೆಯರಿಂದ ಕೆಲವು ವಾರ ಕೇಳಿ ತಂದಿದ್ದೆ. ಸಾಮಾನ್ಯವಾಗಿ ಕ್ಯಾನನ್ ಮತ್ತು ಪ್ಯಾನಸೋನಿಕ್ ಅಗ್ಗಕ್ಕೆ ಸಿಗುತ್ತವೆ, ಸೋನಿ ಮತ್ತು ಫ್ಯೂಜಿ ಸ್ವಲ್ಪ ಮೇಲೆ.

ಮೊದಲು ಮಾಡಿದ್ದು ಮೆಟ್ಟಿಲಿನ ಪರೀಕ್ಷೆ. ಒಂದೇ ಮೆಟ್ಟಿಲಸಾಲನ್ನು, ಜತೆಗೆ ಬಂದ ಜೂಮ್ ಲೆನ್ಸನ್ನು ಪೂರ್ತಿ ಅಗಲಕ್ಕಿಟ್ಟು, ಕ್ಯಾಮೆರಾ ಎದೆಮಟ್ಟಕ್ಕೆ ಹಿಡಿದು ಇಳಿದೆ. ನಾಲ್ಕರಲ್ಲೂ ಲೆನ್ಸಿನೊಳಗೆ ಸ್ಟೆಬಿಲೈಸೇಶನ್, ಅಂದರೆ ಕೈಯ ಅಲುಗಾಟ ಸರಿಪಡಿಸುವ ವ್ಯವಸ್ಥೆ, ಇತ್ತು. ನಿಂತಲ್ಲೇ ನಿಂತು ತೆಗೆದರೆ ನಾಲ್ಕೂ ಚೆನ್ನಾಗಿಯೇ ಇದ್ದವು, ಯಾವುದು ಯಾವುದರದ್ದು ಅಂತ ಹೇಳಲು ಆಗುತ್ತಿರಲಿಲ್ಲ. ಕಾಲು ಎತ್ತಿದ ತಕ್ಷಣ ಜಿ85 ಬೇರೆಯಾಗಿ ನಿಂತಿತು.

ಇದಕ್ಕೆ ಕಾರಣ ಇದೆ. ಲೆನ್ಸಿನೊಳಗಿನ ಸ್ಟೆಬಿಲೈಸೇಶನ್ ಸರಿಪಡಿಸುವುದು ಮುಖ್ಯವಾಗಿ ಎರಡು ಚಲನೆಯನ್ನು: ಕ್ಯಾಮೆರಾ ಮೇಲೆ ಕೆಳಗೆ ಬಾಗುವುದು, ಎಡ ಬಲಕ್ಕೆ ತಿರುಗುವುದು. ನಡೆಯುವಾಗ ಮೂರನೆಯದೊಂದು ಸೇರುತ್ತದೆ. ಮಣಿಕಟ್ಟು ಹೊರಳಿ ಇಡೀ ಚಿತ್ರ ದೋಣಿಯ ಹಾಗೆ ಅತ್ತ ಇತ್ತ ವಾಲುತ್ತದೆ. ಲೆನ್ಸ್ ದುಂಡಗಿದೆ, ಅದನ್ನು ತಿರುಗಿಸಿದರೂ ಚಿತ್ರ ತಿರುಗುವುದಿಲ್ಲ. ಬಾಡಿಯೊಳಗೆ ಚಿತ್ರ ಹಿಡಿಯುವ ಸೆನ್ಸರನ್ನೇ ತಿರುಗಿಸಬೇಕು. ಜಿ85ರಲ್ಲಿ ಸೆನ್ಸರ್ ಐದು ದಿಕ್ಕಿನ ಅಲುಗಾಟಕ್ಕೆ ಎದುರಾಗಿ ಚಲಿಸುತ್ತದೆ. ಅದರ ಜತೆಗೆ ಬಂದ 12-60 ಮಿ.ಮೀ. ಲೆನ್ಸಿನದ್ದೂ ಸೇರಿ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಉಳಿದ ಮೂರು ಬಾಡಿಗಳಲ್ಲಿ ಈ ವ್ಯವಸ್ಥೆ ಇಲ್ಲ. ಎಂ50ರಲ್ಲಿ ಡಿಜಿಟಲ್ ಸ್ಟೆಬಿಲೈಸೇಶನ್ ಇದೆ. ಅದು ಚಿತ್ರದ ಅಂಚುಗಳನ್ನು ಕತ್ತರಿಸಿ ಸರಿಪಡಿಸುತ್ತದೆ, ಹಾಗಾಗಿ ಫ್ರೇಮ್ ಕಿರಿದಾಗುತ್ತದೆ.

ಜಿ85 ಗಿಂಬಲ್‌ಗೆ (ಕ್ಯಾಮೆರಾವನ್ನು ಮೋಟಾರಿನಿಂದ ಅಲುಗದಂತೆ ಹಿಡಿಯುವ ಕೋಲು) ಸಮ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೆಜ್ಜೆಯ ಏರಿಳಿತ ಪೂರ್ತಿ ಹೋಗುವುದಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಊರಿ, ನಿಧಾನ ನಡೆಯಬೇಕು. ಆದರೂ ಅದರಲ್ಲಿ ತೆಗೆದ ಮೆಟ್ಟಿಲಿನ ವಿಡಿಯೊವನ್ನು ಅಮ್ಮ ಪೂರ್ತಿ ನೋಡಿದರು. ನನಗೆ ಅಷ್ಟೇ ಸಾಕಿತ್ತು.

ಎ6400 ಕೊಂಡು ಇದೇ ಮಾತನ್ನು ಮರೆತು ಸಿಗ್ಮಾ 16 ಮಿ.ಮೀ. ಎಫ್1.4 ಲೆನ್ಸ್ ಹಾಕಿಕೊಳ್ಳುವವರು ತುಂಬಾ ಜನ. ನಾನೂ ಹಾಕಿಕೊಂಡೆ. ಅದ್ಭುತ ಲೆನ್ಸ್, ಅನುಮಾನವೇ ಇಲ್ಲ. ಆದರೆ ಲೆನ್ಸಿನಲ್ಲೂ ಸ್ಟೆಬಿಲೈಸೇಶನ್ ಇಲ್ಲ, ಬಾಡಿಯಲ್ಲೂ ಇಲ್ಲ. ನಿಂತು ತೆಗೆದರೂ ಉಸಿರಾಟ ಕಾಣಿಸುತ್ತದೆ. ಹಾಗಂತ ಗಿಂಬಲ್ ಕೊಂಡರೆ ಅದಕ್ಕೊಂದು ಬ್ಯಾಗು, ಅದಕ್ಕೊಂದು ಚಾರ್ಜರ್, ಪ್ರತಿ ಸಲ ಲೆನ್ಸ್ ಬದಲಿಸಿದಾಗ ಮತ್ತೆ ತೂಕ ಸರಿದೂಗಿಸುವ ಕೆಲಸ.

ಇನ್ನು ಫೋಕಸ್. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ತಂಗಿಯ ಮಗಳನ್ನು ಅಂಗಳದ ಆ ತುದಿಯಿಂದ ನನ್ನ ಕಡೆಗೆ ಓಡಿ ಬಾ ಅಂದೆ. ಎ6400 ಅವಳ ಮುಖ ಹಿಡಿದಿದ್ದು ಬಿಡಲೇ ಇಲ್ಲ. ನಡುವೆ ಅವಳು ತಲೆ ತಿರುಗಿಸಿದಳು, ಕೂದಲು ಮುಖಕ್ಕೆ ಬಂತು, ಆದರೂ ಚೌಕ ಅವಳ ಮೇಲೇ ಇತ್ತು. ಎಂ50 ಕೂಡ ಡ್ಯುಯಲ್ ಪಿಕ್ಸೆಲ್ ಎಂಬ ತನ್ನ ಫೋಕಸ್ ವ್ಯವಸ್ಥೆಯಿಂದ ಫುಲ್ ಎಚ್‌ಡಿಯಲ್ಲಿ ಹಾಗೇ, ನಯವಾಗಿ, ಗಡಿಬಿಡಿಯಿಲ್ಲದೆ ಹಿಂಬಾಲಿಸುತ್ತದೆ. ಎಕ್ಸ್-ಟಿ30 ಒಂದು ಹೆಜ್ಜೆ ಹಿಂದೆ, ಆದರೆ ನಂಬಬಹುದು.

ಜಿ85 ಇದರಲ್ಲಿ ನಾಲ್ಕನೆಯದು, ದೂರದ ನಾಲ್ಕನೆಯದು. ಅದು ಕಾಂಟ್ರಾಸ್ಟ್ ನೋಡಿ ಫೋಕಸ್ ಮಾಡುತ್ತದೆ. ಸರಿಯಾದ ಜಾಗ ದಾಟಿ ಹೋಗಿ, ಇಲ್ಲಿ ಮಸುಕಾಯಿತು ಅಂತ ತಿಳಿದು, ಮತ್ತೆ ಹಿಂದಕ್ಕೆ ಬರುವ ವಿಧಾನ ಅದು. ಫೋಟೊದಲ್ಲಿ ಈ ಹೋಗಿ ಬರುವುದು ಕಣ್ಣಿಗೆ ಬೀಳುವ ಮುಂಚೆಯೇ ಮುಗಿದಿರುತ್ತದೆ. ವಿಡಿಯೊದಲ್ಲಿ ಹಿನ್ನೆಲೆ ಮೆಲ್ಲಗೆ ಮಿಡಿಯುವ ಹಾಗೆ ಕಾಣುತ್ತದೆ.

ಹಾಗಿದ್ದೂ ಅದನ್ನೇ ಯಾಕೆ ಇಟ್ಟುಕೊಂಡೆ? ಪ್ರವಾಸದಲ್ಲಿ ನಾನು ತೆಗೆಯುವುದು ಮುಕ್ಕಾಲು ಪಾಲು ಅಗಲದ ದೃಶ್ಯ. ಬೀದಿ, ಹೊಳೆ, ಜನ, ಮಳೆ. 12 ಮಿ.ಮೀ. ಇಟ್ಟು, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್5.6ಕ್ಕೆ ತಂದು, ಫೋಕಸನ್ನು ಎರಡು ಮೀಟರಿಗೆ ನಿಲ್ಲಿಸಿದರೆ ಹೆಚ್ಚು ಕಡಿಮೆ ಒಂದು ಮೀಟರಿನಿಂದ ಹಿಡಿದು ಕಣ್ಣು ಹೋಗುವಷ್ಟು ದೂರದವರೆಗೂ ಎಲ್ಲ ಸ್ಪಷ್ಟವಾಗಿರುತ್ತದೆ. ಸೆನ್ಸರ್ ಚಿಕ್ಕದಾಗಿರುವುದರ ಲಾಭ ಅದು. ನಡೆಯುವಾಗ ಫೋಕಸ್ ಮೋಟಾರನ್ನು ಮುಟ್ಟುವುದೇ ಇಲ್ಲ. ಹತ್ತಿರದ ವಸ್ತು ಬೇಕಾದಾಗ ಪರದೆಯ ಮೇಲೆ ಒಂದು ಸಲ ಮುಟ್ಟಿ, ಹಿಡಿದ ಮೇಲೆ ಲಾಕ್ ಮಾಡಿ, ಆಮೇಲೆ ರೆಕಾರ್ಡ್ ಒತ್ತುತ್ತೇನೆ. ಅಭ್ಯಾಸವಾಗಲು ಒಂದು ವಾರ ಸಾಕು. ಅಲುಗಾಡುವ ಕೈಗೆ ಇಂಥ ಉಪಾಯ ಇಲ್ಲ.

ಆದರೆ ಕ್ಯಾಮೆರಾವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಒಬ್ಬರೇ ಮಾತಾಡುವವರಿಗೆ ಜಿ85 ಕೊಳ್ಳಿ ಅಂತ ನಾನು ಹೇಳುವುದಿಲ್ಲ. ನೀವು ಮುಂದೆ ನಿಂತಿರುವಾಗ ಫೋಕಸ್ ನೋಡಲು ಹಿಂದೆ ಯಾರೂ ಇರುವುದಿಲ್ಲ. ಅವರಿಗೆ ಎ6400, ಬಜೆಟ್ ಕಡಿಮೆ ಇದ್ದರೆ ಎಂ50. ಎ6400ರ ಪರದೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಹಾಟ್‌ಶೂ (ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ಮೇಲೆ ಮೈಕ್ ಕೂರಿಸಿದರೆ ಅದೇ ಪರದೆಗೆ ಅಡ್ಡ ಬರುತ್ತದೆ, ಪಕ್ಕಕ್ಕೆ ಒಂದು ಬ್ರ್ಯಾಕೆಟ್ ಬೇಕು. ಎಂ50 ಮತ್ತು ಜಿ85ರ ಪರದೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಎಕ್ಸ್-ಟಿ30ರದ್ದು ಮುಂದಕ್ಕೆ ತಿರುಗುವುದೇ ಇಲ್ಲ.

4ಕೆ ವಿಷಯಕ್ಕೆ ಬಂದರೆ ಎಂ50 ಹೆಸರಿನಲ್ಲಿ ಮೋಸಹೋಗಬೇಡಿ. ಅದರಲ್ಲಿ 4ಕೆ ಇದೆ, ಸೆಕೆಂಡಿಗೆ 24 ಅಥವಾ 25 ಫ್ರೇಮ್‌ನಲ್ಲಿ ಮಾತ್ರ. ಒತ್ತಿದ ಕೂಡಲೇ ಫ್ರೇಮ್ ಇನ್ನೂ 1.6 ಪಟ್ಟು ಕಿರಿದಾಗುತ್ತದೆ, 15 ಮಿ.ಮೀ. ಲೆನ್ಸ್ ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮ್ ಅಳತೆಯ ಸೆನ್ಸರ್) ಲೆಕ್ಕದಲ್ಲಿ 38ರ ಹಾಗೆ ಕಾಣುತ್ತದೆ. ಮೆಚ್ಚಿಕೊಂಡ ಆ ಡ್ಯುಯಲ್ ಪಿಕ್ಸೆಲ್ ಫೋಕಸ್ ಕೂಡ 4ಕೆಯಲ್ಲಿ ಕೆಲಸ ಮಾಡುವುದಿಲ್ಲ. ಅದನ್ನು ಫುಲ್ ಎಚ್‌ಡಿ ಕ್ಯಾಮೆರಾ ಅಂತಲೇ ತಿಳಿದು ಕೊಂಡರೆ ಒಳ್ಳೆಯ ಕ್ಯಾಮೆರಾ. ನೋಡುವವರು ಫೋನಿನಲ್ಲೇ ನೋಡುವುದಾದರೆ ಅಷ್ಟೇ ಸಾಕು. ಅದರ ಇಎಫ್-ಎಂ ಮೌಂಟ್‌ಗೆ (ಲೆನ್ಸ್ ಕೂರುವ ಬಾಯಿ) ಕ್ಯಾನನ್ ಈಗ ಹೊಸ ಲೆನ್ಸ್ ಮಾಡುತ್ತಿಲ್ಲ. ಹಾಗಾಗಿ ಬೇಕಾದ ಲೆನ್ಸುಗಳನ್ನೂ ಹಳೆಯದರಲ್ಲೇ ಹುಡುಕಬೇಕು. 22 ಮಿ.ಮೀ. ಎಫ್2 ಲೆನ್ಸ್ ಸಿಕ್ಕರೆ ಬಿಡಬೇಡಿ. ನೂರು ಗ್ರಾಂ ಚಿಲ್ಲರೆ ತೂಕ, ಜೇಬಿನಲ್ಲಿ ಹಿಡಿಯುತ್ತದೆ.

ಎ6400ರ 4ಕೆ ನಾಲ್ಕರಲ್ಲೇ ಚೂಪು, ನನ್ನ ಕಣ್ಣಿಗೆ. 24 ಫ್ರೇಮ್‌ನಲ್ಲಿ ಸೆನ್ಸರಿನ ಪೂರ್ತಿ ಅಗಲ ಓದುತ್ತದೆ, 30ಕ್ಕೆ ಹೋದರೆ ಅಂಚು ಕತ್ತರಿಸಿ ಫ್ರೇಮ್ ಸ್ವಲ್ಪ ಕಿರಿದಾಗುತ್ತದೆ. ಓದುವುದು ಸಾಲು ಸಾಲಾಗಿ, ನಿಧಾನವಾಗಿ. ರೈಲಿನ ಕಿಟಕಿಯಿಂದ ತೆಗೆದು ನೋಡಿ: ಹತ್ತಿರದ ಕಂಬಗಳೆಲ್ಲ ಗಾಳಿಗೆ ಬಾಗಿದ ಹಾಗೆ ಓರೆಯಾಗಿ ಓಡುತ್ತವೆ. ಕ್ಯಾಮೆರಾ ಬೇಗ ತಿರುಗಿಸಿದರೂ ಅಷ್ಟೇ.

ಎಕ್ಸ್-ಟಿ30 ಬಗ್ಗೆ ಹೇಳುವಾಗ ನನಗೆ ಸ್ವಲ್ಪ ಪಕ್ಷಪಾತ ಬರುತ್ತದೆ. ಅದರ ಎಟರ್ನಾ ಎಂಬ ಬಣ್ಣದ ಸೆಟ್ಟಿಂಗ್ ಹಾಕಿ, ಮಂಜು ಇಳಿಯುವ ಸಂಜೆಯಲ್ಲಿ ಒಂದು ದೋಣಿ ದಡಕ್ಕೆ ಬರುವುದನ್ನು ತೆಗೆದಿದ್ದೆ. ನೀರಿನ ಬೂದು, ಹಗ್ಗದ ಮಾಸಲು ಹಳದಿ, ದೋಣಿಯವನ ಅಂಗಿಯ ನೀಲಿ, ಮೂರೂ ಕಣ್ಣಿಗೆ ಕಂಡ ಹಾಗೇ ಮೆತ್ತಗೆ ಬಂದವು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಮುಟ್ಟಲಿಲ್ಲ. ಎಡಿಟಿಂಗ್‌ಗೆ ಸಮಯವಿಲ್ಲದವರಿಗೆ ಇದು ಸಣ್ಣ ವಿಷಯ ಅಲ್ಲ. ಆದರೆ 4ಕೆಯಲ್ಲಿ ಒಂದು ಸಲಕ್ಕೆ ಸುಮಾರು 10 ನಿಮಿಷ ಮಾತ್ರ ರೆಕಾರ್ಡ್ ಆಗುತ್ತದೆ. ಹತ್ತು ಹದಿನೈದು ಸೆಕೆಂಡಿನ ತುಣುಕು ತೆಗೆಯುವವರಿಗೆ ಏನೂ ಅಲ್ಲ, ಒಂದು ಇಡೀ ಕಾರ್ಯಕ್ರಮ ತೆಗೆಯುವವರಿಗೆ ಆಗುವುದಿಲ್ಲ. ಮೈಕ್ ತೂತು 2.5 ಮಿ.ಮೀ., ಮಾಮೂಲಿ ಮೈಕಿನದ್ದು 3.5. ಒಂದು ಅಡಾಪ್ಟರ್ ಬ್ಯಾಗಿನಲ್ಲಿ ಇರಲೇಬೇಕು. ಉಳಿದ ಮೂರರಲ್ಲಿ 3.5 ಇದೆ, ಆದರೆ ಹೆಡ್‌ಫೋನ್ ತೂತು ಇಲ್ಲ.

ಕತ್ತಲಾದ ಮೇಲೆ ಸೋನಿ ಮತ್ತು ಫ್ಯೂಜಿ ಮುಂದೆ. ಅವುಗಳ ಸೆನ್ಸರ್ ಜಿ85ರದ್ದಕ್ಕಿಂತ ವಿಸ್ತೀರ್ಣದಲ್ಲಿ ಒಂದೂವರೆ ಪಟ್ಟಿಗಿಂತ ದೊಡ್ಡದು, ಅದು ಚಿತ್ರದಲ್ಲಿ ಕಾಣುತ್ತದೆ. ಮಳೆಯಲ್ಲಿ ಜಿ85 ಮುಂದೆ. ಅದರ ಬಾಡಿಗೂ 12-60 ಲೆನ್ಸಿಗೂ ನೀರಿನ ಹನಿ ಮತ್ತು ಧೂಳು ತಡೆಯುವ ಸೀಲ್ ಇದೆ. ಜತೆಗೆ ತೂಗಿದರೆ 715 ಗ್ರಾಂ, ನಾಲ್ಕರಲ್ಲಿ ಭಾರವಾದದ್ದು. ಎ6400 ತನ್ನ 16-50 ಜತೆ 520 ಗ್ರಾಂ ಆಸುಪಾಸು. ಇಡೀ ದಿನ ಕುತ್ತಿಗೆಗೆ ಹಾಕಿಕೊಂಡರೆ ಆ 200 ಗ್ರಾಂ ಗೊತ್ತಾಗುತ್ತದೆ.

ಬ್ಯಾಟರಿ ಯಾವುದರಲ್ಲೂ ಒಂದು ದಿನ ಬರುವುದಿಲ್ಲ. ಎ6400 ಮತ್ತು ಎಕ್ಸ್-ಟಿ30 ಎರಡನ್ನೂ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಬಹುದು. ಜಿ85, ಎಂ50ರಲ್ಲಿ ಆ ಸೌಲಭ್ಯ ಇಲ್ಲ. ಬ್ಯಾಟರಿ ಹೊರಗೆ ತೆಗೆದು ಚಾರ್ಜರಿಗೆ ಹಾಕಬೇಕು. ನಾನು ಮೂರು ಬ್ಯಾಟರಿ ಇಟ್ಟುಕೊಂಡಿದ್ದೇನೆ. ಕಾರ್ಡ್ ಲೆಕ್ಕವನ್ನೂ ಮುಂಚೆಯೇ ಹಾಕಿಕೊಳ್ಳಿ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ ಬೇಕು.

ಕೊಳ್ಳುವ ಹೊತ್ತಿನ ಮಾತು. ಮಾರುವವರು ಮೊದಲು ಹೇಳುವುದು ಶಟರ್ ಎಷ್ಟು ಸಲ ಬಿದ್ದಿದೆ ಅಂತ. ವಿಡಿಯೊಗೆ ಕೊಳ್ಳುವವರಿಗೆ ಆ ಸಂಖ್ಯೆ ಅರ್ಧ ಕತೆ ಮಾತ್ರ. ವಿಡಿಯೊ ತೆಗೆಯುವಾಗ ಶಟರ್ ತೆರೆದೇ ಇರುತ್ತದೆ, ಎಷ್ಟು ಗಂಟೆ ಓಡಿಸಿದರೂ ಲೆಕ್ಕಕ್ಕೆ ಬರುವುದಿಲ್ಲ. ಸವೆಯುವುದು ಪರದೆಯ ಕೀಲು, ಎಚ್‌ಡಿಎಂಐ ತೂತು, ಮೈಕ್ ತೂತು.

ಈ ಪಾಠ ನನಗೆ ಕೊಟ್ಟದ್ದು ಈ ನಾಲ್ಕಕ್ಕೂ ಮುಂಚೆ ಕೊಂಡಿದ್ದ ಒಂದು ಬಾಡಿ. ಮೇಲೆ ಒಂದು ಗೀರೂ ಇರಲಿಲ್ಲ. ಮನೆಗೆ ತಂದು ಮೈಕ್ ಚುಚ್ಚಿದೆ, ಧ್ವನಿ ಬಂತು, ಖುಷಿಪಟ್ಟೆ. ಮಾರನೇ ದಿನ ಹೊರಗೆ ನಡೆಯುತ್ತಾ ಒಬ್ಬ ಹಿರಿಯರನ್ನು ಅರ್ಧ ಗಂಟೆ ಮಾತಾಡಿಸಿದೆ. ರೂಮಿಗೆ ಬಂದು ಕೇಳಿದರೆ ಎಡ ಕಿವಿಯಲ್ಲಿ ಮಾತು, ಬಲ ಕಿವಿಯಲ್ಲಿ ಚರಚರ. ತೂತು ಸಡಿಲಾಗಿತ್ತು, ತಂತಿ ಅಲ್ಲಾಡಿದಾಗೆಲ್ಲ ಸಂಪರ್ಕ ತಪ್ಪುತ್ತಿತ್ತು. ಅವರ ಮಾತನ್ನು ಮತ್ತೆ ತೆಗೆಯಲು ಆಗಲಿಲ್ಲ.

ಈಗ ಕ್ಯಾಮೆರಾ ನೋಡಲು ಹೋಗುವಾಗ ನನ್ನದೇ ಮೈಕ್, ಕಾರ್ಡ್, ಒಂದು ಟಾರ್ಚ್ ತೆಗೆದುಕೊಂಡು ಹೋಗುತ್ತೇನೆ. ಮೈಕ್ ಚುಚ್ಚಿ, ತಂತಿಯನ್ನು ಸುತ್ತ ತಿರುಗಿಸುತ್ತಾ ಒಂದು ನಿಮಿಷ ರೆಕಾರ್ಡ್ ಮಾಡುತ್ತೇನೆ. ಪರದೆ ತೆರೆದು ಮುಚ್ಚಿ, ಎಲ್ಲಾ ಕೋನದಲ್ಲೂ ಚಿತ್ರ ಮಿನುಗದೆ ನಿಲ್ಲುತ್ತದಾ ನೋಡುತ್ತೇನೆ. ಲೆನ್ಸ್ ಮುಚ್ಚಳ ಹಾಕಿ, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿ, ಸುಟ್ಟ ಪಿಕ್ಸೆಲ್ ಹುಡುಕುತ್ತೇನೆ. ಟಾರ್ಚನ್ನು ಲೆನ್ಸಿನ ಹಿಂದಿನಿಂದ ಬಿಟ್ಟರೆ ಒಳಗಿನ ಫಂಗಸ್ ಜೇಡರ ಬಲೆಯ ಹಾಗೆ ಕಾಣುತ್ತದೆ. ಸೋನಿ ಆದರೆ ಮೆನು ಭಾಷೆ ಬದಲಾಗುತ್ತದಾ ಅಂತಲೂ ನೋಡಬೇಕು. ಜಪಾನಿನೊಳಗೆ ಮಾರಲು ಮಾಡಿದ ಸೋನಿ ಬಾಡಿಗಳಲ್ಲಿ ಮೆನು ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತದೆ. ಕೊನೆಗೆ 4ಕೆ ಹಾಕಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಬಿಸಿಯಾಗಿ ನಡುವೆ ನಿಂತುಹೋಗುತ್ತದಾ ಅಂತ ನೋಡಲು ಮಾರುವವರ ಜತೆ ಇಪ್ಪತ್ತು ನಿಮಿಷ ಮಾತಾಡುತ್ತಾ ಕೂರುತ್ತೇನೆ (ಎಕ್ಸ್-ಟಿ30 ಆದರೆ ಹತ್ತು ನಿಮಿಷಕ್ಕೆ ತಾನೇ ನಿಂತಾಗ ಮತ್ತೆ ಒತ್ತಬೇಕು). ಅಷ್ಟು ಹೊತ್ತು ಓಡಿಸಲು ಅವರು ಒಪ್ಪದಿದ್ದರೆ ಸುಮ್ನೆ ಎದ್ದು ಬರುತ್ತೇನೆ.